ಎಣ್ಣೆ ಚೆಲ್ಲಿದೆ ಅಂದರೆ ಯಾವ ಎಣ್ಣೆ?

ನಮ್ಮ ಸಾಮಿಲ್ ಹಿಂದೆ ಒಂದು ಗಟಾರ ಇದೆ. ನಾನು ಅಲ್ಲಿ ಗುಮಾಸ್ತನಾಗಿ ಸೇರಿ ಹನ್ನೊಂದು ವರ್ಷ ಆಯಿತು. ದಿನಾ ಮಧ್ಯಾಹ್ನ ಊಟದ ಡಬ್ಬಿ ತೊಳೆದ ನೀರನ್ನು ಅದಕ್ಕೇ ಚೆಲ್ಲುತ್ತಿದ್ದೆ. ಆ ಗಟಾರ ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ. ರಸ್ತೆ ಕಡೆ ಹೋಗುತ್ತದೆ, ಅಷ್ಟೇ. ರಸ್ತೆ ದಾಟಿದ ಮೇಲೆ ಅದು ನಮ್ಮದಲ್ಲ ಅಲ್ವಾ?

ಮಿಲ್ ಇರುವುದು ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯಲ್ಲಿ, ಊರ ಹೊರಗೆ. ಒಂದು ಬ್ಯಾಂಡ್ ಸಾ, ಎರಡು ಸಣ್ಣ ಕಟಿಂಗ್ ಮಷಿನ್, ಒಂದು ರಂದಾ ಮಷಿನ್, ಹದಿನಾಲ್ಕು ಜನ. ಬೇವು, ಜಾಲಿ, ನೀಲಗಿರಿ ಜಾಸ್ತಿ ಬರುತ್ತದೆ. ಸಾಗವಾನಿ ಬಂದ ದಿನ ಸಾವ್ಕಾರ್ರು ತಾವೇ ಮಷಿನ್ ಪಕ್ಕ ನಿಲ್ಲುತ್ತಾರೆ. ಸುತ್ತ ರೈಸ್ ಮಿಲ್ಲು, ಭತ್ತದ ಗದ್ದೆ. ತುಂಗಭದ್ರಾ ಎಡದಂಡೆ ಕಾಲುವೆ ಇಲ್ಲದಿದ್ದರೆ ಈ ಕಡೆ ಇದ್ಯಾವುದೂ ಇರುತ್ತಿರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿ ಹೋಯಿತಲ್ಲ, ಆ ವಾರದ ಮಾತು. ಊರಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ಚಹಾ ಅಂಗಡಿಯಲ್ಲೂ ಟಿಎಂಸಿ, ಕಟಿಂಗ್ ಅಂಗಡಿಯಲ್ಲೂ ಟಿಎಂಸಿ. ಅಂಥ ಹೊತ್ತಲ್ಲಿ ಮಿಲ್ ಹಿಂದಿನ ಗದ್ದೆಯ ಕಾಕಾ ಒಂದು ನೀರಿನ ಬಾಟ್ಲಿ ಹಿಡಿದುಕೊಂಡು ಆಫೀಸಿಗೆ ಬಂದರು. ಅದನ್ನು ನನ್ನ ಲೆಜರ್ ಮೇಲೆ ಇಟ್ಟರು. ಒಳಗೆ ಕಡು ಕಂದು ನೀರು.

"ಇದು ಡಿಕಾಕ್ಷನ್ ಏನ್ರಿ ಗುಮಾಸ್ತರ? ಹಾಲು ಹಾಕಿದ್ರ ಚಾ ಆಗ್ತೈತಿ ನೋಡ್ರಿ."

ನಾನು ನಕ್ಕೆ. ಅವರು ನಗಲಿಲ್ಲ.

"ನಿಮ್ಮ ಪುಡಿ ಗುಡ್ಡಿಯಿಂದ ಬರಾಕತ್ತೈತಿ. ಬಸಿಗಾಲುವಿ ಮೀನೆಲ್ಲ ಮ್ಯಾಲೆ ಬಂದು ಬಾಯಿ ಬಿಡಾಕತ್ತಾವ. ಡ್ಯಾಮಿಗೆ 33 ಗೇಟ್ ಅದಾವ. ನಿಮ್ಮ ಗಟಾರಕ್ಕ ಒಂದರ ಐತೇನು?"

ಸಾವ್ಕಾರ್ರಿಗೆ ಬಾಟ್ಲಿ ತೋರಿಸಿದೆ. ಅವರು ಮೂಸಿ ನೋಡಿ, "ಕಟಿಗಿ ನೀರಲ್ಲೇನಪ್ಪಾ ಇದು? ಕಟಿಗ್ಯಾಗ ಏನ್ ವಿಷ ಇರ್ತೈತಿ? ನಮ್ಮದು ಹಸಿರು ವರ್ಗ, ಮಂಡಳಿಯವ್ರೇ ಬರದು ಕೊಟ್ಟಾರ" ಅಂದರು. ನಮ್ಮ ಅನುಮತಿ ಪತ್ರದಲ್ಲಿ ಹಸಿರು ವರ್ಗ ಅಂತ ಇರುವುದು ನಿಜ. ಮಾಲಿನ್ಯ ನಿಯಂತ್ರಣ ಮಂಡಳಿ ಉದ್ಯಮಗಳನ್ನು ಕೆಂಪು, ಕಿತ್ತಳೆ, ಹಸಿರು ಅಂತೆಲ್ಲ ವಿಂಗಡಿಸುತ್ತದೆ. ಹಸಿರು ಅಂದರೆ ಅಪಾಯ ಕಡಿಮೆ ಅಂತ ಅರ್ಥ, ಇಲ್ಲವೇ ಇಲ್ಲ ಅಂತಲ್ಲ. ಅದು ನನಗೂ ಆಗ ಗೊತ್ತಿರಲಿಲ್ಲ.

ಗೊತ್ತಿದ್ದವನು ನನ್ನ ಸೋದರಮಾವನ ಮಗ. ಗಿಣಿಗೇರಾ ಕಡೆಯ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ವಿಭಾಗದಲ್ಲಿದ್ದಾನೆ. ಭಾನುವಾರ ಊಟಕ್ಕೆ ಕರೆದು, ಊಟ ಆದ ಮೇಲೆ ಬಾಟ್ಲಿ ಮುಂದಿಟ್ಟೆ. ತೊಗಟೆ, ಕಟ್ಟಿಗೆ ಪುಡಿ ಮಳೆಯಲ್ಲಿ ನೆನೆದರೆ ಅದರ ಒಗರು ಇಳಿಯುತ್ತದೆ, ಬಣ್ಣ ಅದರದ್ದೇ ಅಂದ. ಆ ನೀರು ಹಳ್ಳಕ್ಕೆ ಸೇರಿದರೆ ಕಣ್ಣಿಗೆ ಕಾಣದ ಜೀವಿಗಳು ಅದನ್ನು ತಿನ್ನೋಕೆ ಮುಗಿಬೀಳುತ್ತವೆ. ತಿನ್ನುವಾಗ ನೀರಿನಲ್ಲಿರುವ ಆಮ್ಲಜನಕ ಖಾಲಿ ಮಾಡುತ್ತವೆ. ಮೀನಿಗೆ ಉಸಿರು ಕಟ್ಟುತ್ತದೆ. ವಿಷ ಕುಡಿಸಿ ಕೊಲ್ಲುವುದು ಬೇರೆ, ಕತ್ತು ಹಿಸುಕಿ ಕೊಲ್ಲುವುದು ಬೇರೆ, ಮೀನಿಗೆ ಎರಡೂ ಒಂದೇ ಅಂದ. ಆಮೇಲೆ ಕೇಳಿದ, "ನಿಮ್ಮ ಗಟಾರ ಎಲ್ಲಿಗೆ ಹೋಗ್ತೈತಿ?"

ಉತ್ತರ ಇರಲಿಲ್ಲ. ಹನ್ನೊಂದು ವರ್ಷದ ಗುಮಾಸ್ತ ತಲೆ ಕೆರೆದುಕೊಂಡೆ.

ಮರುದಿನ ನಮ್ಮ ಮೇಸ್ತ್ರಿ ಚಾಚಾ ಜೊತೆ ಗಟಾರದ ಹಿಂದೆ ಹೊರಟೆ. ಚಾಚಾ ಗರಗಸದ ಪಟ್ಟಿಗೆ ಹಲ್ಲು ಮಾಡಿಸುವುದರಿಂದ ಹಿಡಿದು ದಿಮ್ಮಿ ನೋಡಿ ಎಷ್ಟು ಘನ ಅಡಿ ಅಂತ ಹೇಳುವ ತನಕ ಎಲ್ಲ ಬಲ್ಲವರು. ನೀರಿಗೆ ಬಣ್ಣ ಹಾಕೋಣವಾ ಅಂದೆ. "ಬಣ್ಣ ಯಾಕ? ಮಂಡಾಳು ಹಾಕು" ಅಂದರು. ಒಗ್ಗರಣೆ-ಮಿರ್ಚಿ ಅಂಗಡಿಯಿಂದ ಒಂದು ಚೀಲ ಒಣ ಮಂಡಾಳು, ಅಂದರೆ ಮಂಡಕ್ಕಿ, ತಂದು ಗಟಾರಕ್ಕೆ ಚೆಲ್ಲಿದೆವು. ಬೆಳ್ಳಗೆ ತೇಲುತ್ತದೆ, ಯಾರಿಗೂ ತೊಂದರೆ ಇಲ್ಲ, ಉಳಿದದ್ದನ್ನು ಕಾಗೆ ತಿನ್ನುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯ ನಾನು ಇವತ್ತಿಗೂ ಕೇಳಿಲ್ಲ.

ಮಂಡಾಳು ರಸ್ತೆ ಕೆಳಗಿನ ಸಿಮೆಂಟ್ ಪೈಪಿನಲ್ಲಿ ನುಗ್ಗಿ ಆಚೆ ಕಡೆ ಬಂತು. ಒಂದು ಪಂಕ್ಚರ್ ಅಂಗಡಿಯ ಹಿಂದೆ ಸ್ವಲ್ಪ ಹೊತ್ತು ಸುತ್ತಿತು. ಅಲ್ಲಿಂದ ಎರಡು ದಾರಿ. ಜಾಸ್ತಿ ಪಾಲು ಬಸಿಗಾಲುವೆಗೆ ಬಿದ್ದು ಹಳ್ಳದ ಕಡೆ ಹೋಯಿತು. ಹಳ್ಳ ಕೊನೆಗೆ ಸೇರುವುದು ತುಂಗಭದ್ರೆಯನ್ನೇ. ಒಂದಿಷ್ಟು ಮಾತ್ರ ಎಡಕ್ಕೆ ತಿರುಗಿ ಒಂದು ಹೊಲಗಾಲುವೆಗೆ ಜಾರಿತು. ಅದು ಕಾಕಾನ ಗದ್ದೆಗೆ ಹೋಗುವ ನೀರು. ಅಲ್ಲಿಂದ ಮುಂದೆ ಇನ್ನೂ ಏಳೆಂಟು ಜನರ ಗದ್ದೆ. ಹಳ್ಳದ ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಬ್ಬ ಹುಡುಗ ಮಂಡಾಳು ಕೈಯಲ್ಲಿ ಹಿಡಿದು, "ಯಾರದರ ಜಾತ್ರಿ ಐತೇನು?" ಅಂತ ಕೇಳಿದ.

ಮಿಲ್‌ನಿಂದ ಅಲ್ಲಿಗೆ ಮಂಡಾಳು ಬರಲು ಇಪ್ಪತ್ತೆರಡು ನಿಮಿಷ ಆಗಿತ್ತು. ಅದೂ ಮಳೆ ಇಲ್ಲದ ದಿನ. ಏನಾದರೂ ಚೆಲ್ಲಿದರೆ ನಮಗೆ ಸಿಗುವ ಹೊತ್ತು ಅಷ್ಟೇ ಅಂತ ಆಗ ಲೆಕ್ಕ ಹತ್ತಿತು.

ಮುಂದಿನ ಕೆಲಸ, ಮಿಲ್‌ನಲ್ಲಿ ಚೆಲ್ಲಬಹುದಾದದ್ದು ಏನೇನಿದೆ ಅಂತ ಬರೆಯುವುದು. ಒಂದು ಪುಟ ಸಾಕು ಅಂದುಕೊಂಡಿದ್ದೆ. ಮೂರು ಪುಟ ಆಯಿತು. ಜನರೇಟರಿಗೆ ಸ್ಟ್ಯಾಂಡ್ ಮೇಲೆ ಇನ್ನೂರು ಲೀಟರಿನ ಡೀಸೆಲ್ ಡ್ರಮ್. ಟ್ರಾಲಿಗೆ ಹೈಡ್ರಾಲಿಕ್ ಎಣ್ಣೆ. ಮೂಲೆಯಲ್ಲಿ ವರ್ಷಗಟ್ಟಲೆ ಕೂಡಿಟ್ಟ ಸುಟ್ಟ ಎಣ್ಣೆ. ಹಳೇ ಬ್ಯಾಟರಿ. ಹಸಿ ಮರಕ್ಕೆ ಹುಳು ಹತ್ತದಂತೆ ಮುಳುಗಿಸುವ ಬೋರಾಕ್ಸ್-ಬೋರಿಕ್ ತೊಟ್ಟಿ. ಗೆದ್ದಲಿಗೆ ಹಾಕುವ ಕ್ಲೋರೋಪೈರಿಫಾಸ್ ಡಬ್ಬಿಗಳು, ಅದರಲ್ಲಿ ಎರಡಕ್ಕೆ ಮುಚ್ಚಳವೇ ಇರಲಿಲ್ಲ.

ಬೋರಾಕ್ಸ್ ಬಗ್ಗೆ ನಮ್ಮ ಹುಡುಗರಿಗೆ ಭಯವೇ ಇರಲಿಲ್ಲ. ಬೋರಾನ್ ಅಂತ ರೈತರೇ ಅಂಗಡಿಯಿಂದ ತಂದು ಬೆಳೆಗೆ ಹೊಡೆಯುತ್ತಾರಲ್ಲ! ಆದರೆ ಬೆಳೆಗೆ ಬೇಕಾಗುವುದು ಚಿಟಿಕೆಯಷ್ಟು. ಬೇಕಾದದ್ದಕ್ಕೂ ಜಾಸ್ತಿಯಾಗಿದ್ದಕ್ಕೂ ನಡುವಿನ ಅಂತರ ಬಹಳ ಸಣ್ಣದು. ತೊಟ್ಟಿ ಪೂರ್ತಿ ಒಡೆದು ಗದ್ದೆಗೆ ಹೋದರೆ ಎಲೆ ತುದಿ ಸುಟ್ಟುಕೊಂಡು ಬರುತ್ತದೆ. ಅದರ ಮೇಲೆ ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೋಗಿದ್ದು ಗೊತ್ತೇ ಆಗುವುದಿಲ್ಲ.

ಶೆಡ್ಡಿನ ಹಿಂದೆ, ಮುರುಕು ಟ್ರಾಲಿಯ ಕೆಳಗೆ ಇನ್ನೊಂದು ಡ್ರಮ್ ಸಿಕ್ಕಿತು. ಅಂಚಿನಲ್ಲಿ ಹಸಿರು ಕಟ್ಟಿತ್ತು. ಸಾವ್ಕಾರ್ರ ತಂದೆಯ ಕಾಲದಲ್ಲಿ ಕರೆಂಟ್ ಕಂಬಕ್ಕೆ ಹಚ್ಚುತ್ತಿದ್ದ ಔಷಧ ಅಂದರು ಚಾಚಾ. ಸೋದರಮಾವನ ಮಗನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು, "ಮುಟ್ಟಬ್ಯಾಡ್ರಿ." ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಮಾಡಿದ ಔಷಧ ಅದು. ಅದನ್ನು ಕಂಡುಹಿಡಿದವರು ನಮ್ಮ ದೇಶದವರೇ, ಸೊಂಠಿ ಕಾಮೇಶಂ ಅಂತ, 1930ರ ದಶಕದಲ್ಲಿ. ಇಡೀ ಜಗತ್ತು ಕಂಬಗಳಿಗೆ ಅದನ್ನೇ ಹಚ್ಚಿತು. ಮರ ದಶಕಗಟ್ಟಲೆ ಉಳಿಯುತ್ತದೆ, ಸುಳ್ಳಲ್ಲ. ಆದರೆ ಆರ್ಸೆನಿಕ್ ಅಂದರೆ ಆರ್ಸೆನಿಕ್ಕೇ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತಿತು. ಆ ಔಷಧ ಚೆಲ್ಲಿದರೆ ಕಟ್ಟಿಗೆ ಪುಡಿ ಹಾಕಿ ಒರೆಸಲೂಬಾರದು, ಅದರಲ್ಲಿರುವ ಕ್ರೋಮಿಯಂ ಪುಡಿಗೆ ಬೆಂಕಿ ಹತ್ತಿಸಬಹುದು, ಉಸುಕೇ ಬೇಕು ಅಂದ.

ನನಗೆ ಎದೆ ಝಲ್ಲೆಂದದ್ದು ಬೇರೆ ವಿಷಯಕ್ಕೆ. ಹಳೇ ಕಂಬ ಕೊಯ್ಯೋಕೆ ಬಂದಾಗ ಉಳಿದ ತುಂಡುಗಳನ್ನು ನಾವು ಎದುರಿನ ಹೋಟೆಲ್ಲಿಗೆ ಒಲೆಗೆ ಕೊಡುತ್ತಿದ್ದೆವು. ಔಷಧ ಹಚ್ಚಿದ ಮರ ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ. ಆ ಹೋಟೆಲ್ಲಿನಲ್ಲಿ ನಾನೇ ಎಷ್ಟು ಸಲ ಒಗ್ಗರಣೆ ತಿಂದಿದ್ದೇನೋ. ಅವತ್ತಿನಿಂದ ಔಷಧದ ಮರದ ತುಂಡಿನ ತಲೆಗೆ ಕೆಂಪು ಬಣ್ಣ ಬಳಿಯುತ್ತೇವೆ, ಅದು ಒಲೆಗೆ ಹೋಗುವಂತಿಲ್ಲ. ಆ ಡ್ರಮ್ಮನ್ನು ಮಂಡಳಿಗೆ ಬರೆದು ತಿಳಿಸಿ, ಪರವಾನಗಿ ಇರುವವರ ಕೈಗೆ ದಾಟಿಸಲು ಐದು ತಿಂಗಳು ಹಿಡಿಯಿತು. ಅದರ ಪತ್ರವ್ಯವಹಾರದ ಕಥೆ ಬೇಡ ಬಿಡಿ.

ಈ ಎಲ್ಲದರಲ್ಲಿ ನನಗೆ ಜಾಸ್ತಿ ಕಾಡಿದ್ದು ಒಂದು ಶಬ್ದ. ನಮ್ಮ ಕಡೆ ಎಲ್ಲವೂ "ಎಣ್ಣಿ". ಡೀಸೆಲ್ಲೂ ಎಣ್ಣಿ. ಮಷಿನ್ನಿಗೆ ಹಾಕುವುದೂ ಎಣ್ಣಿ. ಬೆಳೆಗೆ ಹೊಡೆಯುವ ಔಷಧವೂ ಎಣ್ಣಿ, ಗೆದ್ದಲಿಗೆ ಹಾಕುವುದೂ ಎಣ್ಣಿ. ಶನಿವಾರ ಪಗಾರ ಆದ ಮೇಲೆ ಕೆಲವರು ಹೋಗಿ ಕುಡಿಯುವುದೂ ಎಣ್ಣಿಯೇ. ಒಂದು ದಿನ ಸುಮ್ನೆ ಪರೀಕ್ಷೆ ಮಾಡಿದೆ. ಶೆಡ್ಡಿನಲ್ಲಿ ನಿಂತು "ಎಣ್ಣಿ ಚೆಲ್ಲೇತಿ!" ಅಂತ ಕೂಗಿದೆ. ಇಬ್ಬರು ಜನರೇಟರ್ ಕಡೆ ಓಡಿದರು, ಒಬ್ಬ ಟ್ರಾಲಿ ಕಡೆ, ಚಾಚಾ ಔಷಧದ ಕೋಣೆ ಕಡೆ. ಹಮಾಲ ಒಬ್ಬ, "ಯಾರದು, ಪೂರ್ತಿ ಚೆಲ್ಲೇತೇನು?" ಅಂತ ಬೇಜಾರಲ್ಲಿ ಕೇಳಿದ.

ನಗು ಬಂತು, ಆದರೆ ಇದು ಸಣ್ಣ ವಿಷಯ ಅಲ್ಲ. ಡೀಸೆಲ್ ನೀರಿನ ಮೇಲೆ ತೇಲುತ್ತದೆ, ಮೇಲಿಂದ ತೆಗೆಯಬಹುದು. ಗೆದ್ದಲು ಎಣ್ಣೆ ನೀರಿಗೆ ಬಿದ್ದ ಕೂಡಲೇ ಹಾಲಿನಂತೆ ಬೆರೆತುಹೋಗುತ್ತದೆ, ಮೀನಿಗೆ ಅದು ಕಡು ವಿಷ. ಅಲ್ಲಿ ತೇಲಿಸಿ ತೆಗೆಯುವ ಮಾತಿಲ್ಲ, ನೀರನ್ನೇ ಪೂರ್ತಿ ಹಿಡಿದು ನಿಲ್ಲಿಸಬೇಕು. ಬೋರಾಕ್ಸ್ ಕರಗಿಯೇ ಇರುತ್ತದೆ. ಯಾವುದು ಚೆಲ್ಲಿದೆ ಅಂತ ಗೊತ್ತಾಗದೆ ಏನು ಮಾಡುವುದು? ಅದಕ್ಕೆ ಬಣ್ಣ ಹಚ್ಚಿದೆವು. ಡೀಸೆಲ್ಲಿಗೆ ಕೆಂಪು ಪಟ್ಟೆ, ಮಷಿನ್ ಎಣ್ಣೆಗೆ ಕಪ್ಪು, ಗೆದ್ದಲಿನದಕ್ಕೆ ಹಳದಿ, ಬೋರಾಕ್ಸ್ ತೊಟ್ಟಿಗೆ ನೀಲಿ. ಕೂಗುವವರು "ಕೆಂಪೆಣ್ಣಿ", "ಹಳದೆಣ್ಣಿ" ಅಂತ ಕೂಗಬೇಕು. ಓದು ಬಾರದವರಿಗೂ ಬಣ್ಣ ಬರುತ್ತದೆ. ಲಾರಿ ಹಿಂದೆ ಬರೆಯುವ ಪೇಂಟರನ್ನು ಕರೆಸಿ ಆಫೀಸಿನ ಗೋಡೆ ಮೇಲೆ ಮಿಲ್‌ನ ನಕ್ಷೆ, ಗಟಾರದ ದಾರಿ, ಫೋನ್ ನಂಬರುಗಳನ್ನು ಬರೆಸಿದೆ. ಹುರುಪಿನಲ್ಲಿ ಅವನು ಮೇಲೆ ಎರಡು ನವಿಲು ಬರೆದ. ಇರಲಿ ಅಂತ ಬಿಟ್ಟೆ.

ಇನ್ನು ಗೇಟು. 19ನೇ ಗೇಟು ಹೋದ ಮೇಲೆ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ (ಗೇಟಿನ ಬದಲು ಅಡ್ಡ ಇಳಿಸುವ ತಡೆ) ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದ್ದರಲ್ಲ, ಆ ಶಬ್ದ ಆಗ ಸಣ್ಣ ಮಕ್ಕಳ ಬಾಯಲ್ಲೂ ಇತ್ತು. "ನಾವೂ ಒಂದು ಸ್ಟಾಪ್ ಲಾಗ್ ಮಾಡೂಣು. ಲಾಗ್ ಅಂದ್ರ ದಿಮ್ಮಿ, ಅದಕ್ಕ ನಮ್ಮಲ್ಲೇನ್ ಬರ ಐತೇನು?" ಅಂದರು ಚಾಚಾ. ಗಟಾರ ರಸ್ತೆ ಪೈಪಿಗೆ ಸೇರುವ ಬಾಯಿಯಲ್ಲಿ ಎರಡೂ ಕಡೆ ಹಲಗೆ ಕೂರುವಂಥ ಸಿಮೆಂಟಿನ ತೋಡು ಮಾಡಿದೆವು. ಅದರೊಳಗೆ ಮೇಲಿಂದ ಇಳಿಯುವ ಬೇವಿನ ಹಲಗೆ. ಮರುವರ್ಷದ ಏಪ್ರಿಲ್‌ನಲ್ಲಿ ಮಾಡಿದ್ದು. ಚಾಚಾ ಎಷ್ಟು ಅಚ್ಚುಕಟ್ಟಾಗಿ ಕೂರಿಸಿದ್ದರು ಅಂದರೆ ಒಂದು ಕಾಗದ ತೂರುವಷ್ಟೂ ಸಂದಿ ಇರಲಿಲ್ಲ. ಸಾವ್ಕಾರ್ರು ಬಂದು ಮೇಲೆತ್ತಿ ಇಳಿಸಿ ನೋಡಿ, ಬಾಗಿಲು ಮಾಡೋಕಿಂತ ಚಂದ ಮಾಡೀರಿ ಅಂದರು.

ಜುಲೈನಲ್ಲಿ ಮೊದಲ ಅಣಕು ಅಭ್ಯಾಸ. ಕೆಂಪೆಣ್ಣಿ ಅಂತ ಕೂಗಿದೆ, ಸ್ಟಾಪ್‌ವಾಚ್ ಒತ್ತಿದೆ. ಇಬ್ಬರು ಹೋಗಿ ಹಲಗೆ ಹಿಡಿದರು. ಇಳಿಯಲಿಲ್ಲ. ಮೂರು ವಾರದ ಮಳೆಗೆ ಬೇವು ಉಬ್ಬಿತ್ತು. ಒಬ್ಬ ಮೇಲೆ ಹತ್ತಿ ಕುಣಿದ. ಇನ್ನೊಬ್ಬ ಸುತ್ತಿಗೆ ತಂದ. ಹನ್ನೊಂದು ನಿಮಿಷ ಆದ ಮೇಲೆ ಅರ್ಧಕ್ಕೆ ಸಿಕ್ಕಿಕೊಂಡು ನಿಂತಿತು, ಈಗ ಮೇಲೂ ಬರದು, ಕೆಳಗೂ ಹೋಗದು. ಮಳೆಗಾಲಕ್ಕೆ ಬಾಗಿಲು ಬಿಗಿಯಾಗುತ್ತದೆ ಅಂತ ಗಿರಾಕಿಗಳಿಗೆ ದಿನಾ ಹೇಳುವವರು ನಾವು! ಚಾಚಾ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಹಲಗೆಯ ಎರಡೂ ಅಂಚು ಅರ್ಧ ಇಂಚು ರಂದಾ ಹೊಡೆದು, ಸುತ್ತ ಹಳೇ ಸೈಕಲ್ ಟ್ಯೂಬ್ ಮೊಳೆ ಹೊಡೆದು ಕೂರಿಸಿದರು. ಮರ ಉಬ್ಬಿದರೆ ರಬ್ಬರ್ ಒತ್ತಿಕೊಳ್ಳುತ್ತದೆ, ಕುಗ್ಗಿದರೆ ಹಿಗ್ಗುತ್ತದೆ. ಎರಡನೇ ಅಭ್ಯಾಸದಲ್ಲಿ ಒಂದೂವರೆ ನಿಮಿಷ.

ಪುಡಿ ಗುಡ್ಡೆಗೆ ತಗಡಿನ ಚಪ್ಪರ ಹಾಕಿ, ಸುತ್ತ ಒಂದು ಸಾಲು ಇಟ್ಟಿಗೆ ಕಟ್ಟಿದೆವು. ಗುಡ್ಡೆಯ ಎತ್ತರವನ್ನೂ ಇಳಿಸಿದೆವು. ಹಸಿ ಪುಡಿ ಎತ್ತರಕ್ಕೆ ಬಿದ್ದರೆ ಒಳಗೇ ಕಾಯುತ್ತದೆ, ಕೊನೆಗೆ ಹೊಗೆಯಾಡುತ್ತದೆ. ಈಗ ಒಂದು ಕಬ್ಬಿಣದ ಸಲಾಕೆ ಯಾವಾಗಲೂ ಗುಡ್ಡೆಯೊಳಗೆ ಚುಚ್ಚಿಯೇ ಇರುತ್ತದೆ. ಬೆಳಿಗ್ಗೆ ಅದನ್ನು ಕಿತ್ತು ಹಿಡಿದು ನೋಡುವುದು, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಗುಡ್ಡೆ ಹರಡುವುದು. ಬೆಂಕಿ ಬಿದ್ದರೂ ಮೊದಲು ಗಟಾರದ ಹಲಗೆ ಇಳಿಸಬೇಕು ಅಂತ ಗೋಡೆ ಮೇಲೆ ಬರೆಸಿದ್ದೇನೆ. ಅಗ್ನಿಶಾಮಕದವರು ಹೊಡೆಯುವ ನೀರು ಮಿಲ್‌ನಲ್ಲಿ ಇರುವುದನ್ನೆಲ್ಲ ತೊಳೆದುಕೊಂಡು ಅದೇ ಗಟಾರಕ್ಕೆ ಬರುತ್ತದೆ.

ಒಂದು ಕೆಲಸ ಮಾತ್ರ ಆಗಲಿಲ್ಲ. ಡೀಸೆಲ್ ಡ್ರಮ್ಮಿನ ಸುತ್ತ ಕಟ್ಟೆ. ಡ್ರಮ್ಮಿನಲ್ಲಿ ಹಿಡಿಯುವುದಕ್ಕಿಂತ ನೂರಕ್ಕೆ ಹತ್ತರಷ್ಟು ಜಾಸ್ತಿ ಹಿಡಿಯುವ ಕಟ್ಟೆ ಇರಬೇಕು ಅಂತ ಸೋದರಮಾವನ ಮಗ ಮೊದಲ ದಿನವೇ ಹೇಳಿದ್ದ. "ಮಳಿಗಾಲ ಮುಗೀಲಿ, ಕಟ್ಸೂಣು" ಅಂದರು ಸಾವ್ಕಾರ್ರು. ನಾನೂ ಒತ್ತಾಯ ಮಾಡಲಿಲ್ಲ.

ಮಳೆಗಾಲ ಮುಗಿಯಲಿಲ್ಲ. ಸೆಪ್ಟೆಂಬರ್ ಕೊನೆಯ ವಾರ, ಸಂಜೆ ನಾಲ್ಕೂವರೆ. ಕಪ್ಪು ಮೋಡ ಕವಿದು ಹನಿ ಶುರುವಾಗಿತ್ತು. ಕರೆಂಟ್ ಹೋಗಿತ್ತು, ಜನರೇಟರ್ ಓಡುತ್ತಿತ್ತು. ಮಳೆ ಜೋರಾಗುವ ಮೊದಲು ಲಾರಿ ಖಾಲಿ ಮಾಡಬೇಕು ಅಂತ ಹಮಾಲರು ಅವಸರದಲ್ಲಿದ್ದರು. ಒಂದು ಬೇವಿನ ದಿಮ್ಮಿ ಹಾರೆಗೆ ಸಿಗದೆ ಜಾರಿತು. ಉರುಳಿಕೊಂಡು ಹೋಗಿ ಡ್ರಮ್ಮಿನ ಸ್ಟ್ಯಾಂಡಿಗೆ ಬಡಿಯಿತು. ಡ್ರಮ್ ಮಗ್ಗುಲಾಯಿತು, ನಲ್ಲಿ ಮುರಿದು ಬಿತ್ತು.

"ಕೆಂಪೆಣ್ಣಿ!"

ಕೂಗಿದವನು ಯಾರು ಗೊತ್ತಾ? ಅವತ್ತು ಪೂರ್ತಿ ಚೆಲ್ಲೇತೇನು ಅಂತ ಕೇಳಿದ್ದ ಅದೇ ಹಮಾಲ. ಬಾಯಲ್ಲಿದ್ದ ಬೀಡಿಯನ್ನು ಉಗುಳಿ, ಕಾಲಲ್ಲಿ ಹೊಸಕಿ, ಆಮೇಲೆ ಕೂಗಿದ. ಒಬ್ಬ ಜನರೇಟರ್ ಬಂದ್ ಮಾಡಿದ, ಅದರ ಸೈಲೆನ್ಸರ್ ಕಾದು ಸುಡುತ್ತಿರುತ್ತದೆ. ಇಬ್ಬರು ಹಲಗೆ ಇಳಿಸಿದರು. ಚಾಚಾ ಡ್ರಮ್ಮನ್ನು ಒದ್ದು ತೂತು ಮೇಲೆ ಬರುವಂತೆ ಹೊರಳಿಸಿದರು. ಈ ಒಂದು ಒದೆ ಎಷ್ಟು ಲೀಟರ್ ಉಳಿಸಿತೋ. ನೆಲದ ಮೇಲೆ ಹರಿದದ್ದಕ್ಕೆ ಒಣ ಕಟ್ಟಿಗೆ ಪುಡಿ ಸುರಿದೆವು. ಅದಕ್ಕೇನು ಕಡಿಮೆ ನಮ್ಮಲ್ಲಿ. ಪುಡಿ ಡೀಸೆಲ್ ಕುಡಿದು ಉಂಡೆಯಾಯಿತು.

ಅಷ್ಟರಲ್ಲಿ ಮಳೆ ಸುರಿಯಿತು. ಗಟಾರದಲ್ಲಿ ಹಲಗೆ ಹಿಂದೆ ನೀರು ಏರತೊಡಗಿತು. ಮೇಲೆ ಕಾಮನಬಿಲ್ಲಿನ ಬಣ್ಣದ ಡೀಸೆಲ್ ಪದರ. ಒಬ್ಬ ಹುಡುಗ ಗಾಬರಿಯಲ್ಲಿ ನೀರಿನ ಮೇಲೆಯೇ ಪುಡಿ ಚೆಲ್ಲಿದ. ಮೊದಲು ತೇಲಿತು. ಆಮೇಲೆ ನೀರು ಕುಡಿದು, ಹೀರಿದ ಎಣ್ಣೆಯನ್ನೂ ಕಟ್ಟಿಕೊಂಡು ತಳಕ್ಕೆ ಹೋಯಿತು. ಇನ್ನೊಬ್ಬ ಸಾಬೂನು ಪುಡಿ ಪ್ಯಾಕೆಟ್ ಒಡೆದು ಸುರಿದುಬಿಟ್ಟ. ಮನೆಯಲ್ಲಿ ಜಿಡ್ಡಿಗೆ ಅದನ್ನೇ ಹಾಕುವುದಲ್ವಾ? ಅಲ್ಲಿ ಆ ಬುದ್ಧಿ ಉಲ್ಟಾ ಹೊಡೆಯುತ್ತದೆ. ಸಾಬೂನು ಬಿದ್ದರೆ ಎಣ್ಣೆ ತೇಲುವುದು ಬಿಟ್ಟು ನೀರಿನಲ್ಲಿ ಹರಡಿಕೊಳ್ಳುತ್ತದೆ, ಕೈಗೇ ಸಿಗುವುದಿಲ್ಲ. ಇದನ್ನು ನಾನು ಗೋಡೆ ಮೇಲೆ ಬರೆಸಿರಲಿಲ್ಲ. ನವಿಲಿಗೆ ಜಾಗ ಇತ್ತು, ಇದಕ್ಕೆ ಇರಲಿಲ್ಲ.

ನೀರು ಹಲಗೆಯ ತುದಿಗೆ ನಾಲ್ಕು ಬೆರಳು ಬಾಕಿ. ಉಕ್ಕಿದರೆ ಮೊದಲು ಹೋಗುವುದೇ ಮೇಲಿನ ಡೀಸೆಲ್. ಹಲಗೆ ಎತ್ತಿದರೆ ಎಲ್ಲ ಹೋಗುತ್ತದೆ. ಏನು ಮಾಡೋಣ ಅಂತ ನಾನು ನಿಂತುಬಿಟ್ಟೆ. ಚಾಚಾ ಕೂಗಿದರು, "ಬೆಣ್ಣಿ ಮ್ಯಾಲಿರ್ಲಿ, ಮಜ್ಜಿಗಿ ತಳದಾಗಿಂದ ಬಿಡು!" ಕೊಳವೆಬಾವಿಯ ಹಳೇ ಪೈಪಿನ ತುಂಡು ತಂದರು, ನಾಲ್ಕು ಇಂಚಿನದು. ಹಲಗೆ ಪಕ್ಕ ಉಸುಕಿನ ಚೀಲ ಸರಿಸಿ, ಪೈಪಿನ ಒಂದು ಬಾಯಿ ಒಳಗೆ ಗಟಾರದ ತಳದಲ್ಲಿ, ಇನ್ನೊಂದು ಬಾಯಿ ಹೊರಗೆ ಸ್ವಲ್ಪ ಎತ್ತರಕ್ಕೆ ಬರುವಂತೆ ಓರೆಯಾಗಿ ಇಟ್ಟು, ಸುತ್ತ ಮತ್ತೆ ಚೀಲ ಒತ್ತಿದರು. ತಳದ ನೀರು ಪೈಪಿನಲ್ಲಿ ಏರಿ ಆಚೆ ಬಿತ್ತು. ಡೀಸೆಲ್ ಒಳಗೇ ಉಳಿಯಿತು. ಮಟ್ಟ ಅಲ್ಲಿಗೇ ನಿಂತಿತು. ಮಳೆಯಲ್ಲಿ ನೆನೆಯುತ್ತಾ ಆ ಪೈಪಿನ ಬಾಯಿಯನ್ನೇ ಹತ್ತು ನಿಮಿಷ ನೋಡಿದೆ. ಬರುತ್ತಿದ್ದ ನೀರಿನಲ್ಲಿ ಸ್ವಲ್ಪ ನೊರೆ ಇತ್ತು. ಸಾಬೂನಿನದು. ಅದನ್ನು ಹಿಡಿಯೋಕೆ ನಮ್ಮ ಕೈಲಿ ಆಗಲಿಲ್ಲ.

ಪಕ್ಕದ ರೈಸ್ ಮಿಲ್ಲಿನಿಂದ ನಾಲ್ಕು ಚೀಲ ಭತ್ತದ ಹೊಟ್ಟು ತಂದೆವು. ಅದನ್ನು ಚೆಲ್ಲಲಿಲ್ಲ. ಸೊಳ್ಳೆಪರದೆ ಬಟ್ಟೆಯಲ್ಲಿ ತುಂಬಿ ಉದ್ದ ದಿಂಬಿನಂತೆ ಹೊಲಿದು, ಗಟಾರಕ್ಕೆ ಅಡ್ಡ ತೇಲಿಬಿಟ್ಟೆವು. ಉಳಿದ ಪದರವನ್ನು ತಗಡಿನ ಮೊರದಲ್ಲಿ ಬಳಿದು ಬಳಿದು ಡ್ರಮ್ಮಿಗೆ ತುಂಬಿದೆವು. ಮುಗಿದಾಗ ರಾತ್ರಿ ಒಂಬತ್ತು. ಅಳತೆ ಕಡ್ಡಿ ಹಾಕಿ ನೋಡಿದರೆ ಹೋದದ್ದು ಸುಮಾರು ನೂರು ಲೀಟರ್.

ಈ ನಡುವೆ ನಾನು ಎರಡು ಫೋನ್ ಮಾಡಿದ್ದೆ. ಮೊದಲನೆಯದು ಕಾಕಾನಿಗೆ, ಹಲಗೆ ಇಳಿದ ಕೂಡಲೇ. "ಕಾಕಾ, ನಿಮ್ಮ ಗದ್ದೆ ಬಾಯಿ ಮುಚ್ಚಿ, ಮುಂದಿನವರಿಗೂ ಹೇಳಿ." ಅವರು ಬೈಯುವುದನ್ನು ಆಮೇಲೆ ಇಟ್ಟುಕೊಂಡು ಸಲಿಕೆ ಹಿಡಿದು ಓಡಿದರು. ಎರಡನೆಯದು ಮಂಡಳಿಯ ಕೊಪ್ಪಳ ಕಚೇರಿಗೆ. ಅದಕ್ಕೆ ಸಾವ್ಕಾರ್ರು ಸುಲಭಕ್ಕೆ ಒಪ್ಪಲಿಲ್ಲ. "ನಾವಾಗೇ ಹೋಗಿ ಕೊಳ್ಳಿಗೆ ಹಗ್ಗ ಹಾಕ್ಕೊಳ್ಳೂದೇನಪ್ಪಾ? ಹೊರಗ ಹೋಗಿಲ್ಲಲ್ಲ?" ಅಂದರು. 1974ರ ಜಲ ಕಾಯ್ದೆಯ 31ನೇ ಕಲಂ ಪ್ರಕಾರ, ಅಪಘಾತದಿಂದ ಮಲಿನ ನೀರು ಹೊರಗೆ ಹೋದರೆ ಅಥವಾ ಹೋಗುವ ಸಂಭವ ಇದ್ದರೂ, ಆ ಜಾಗದ ಹೊಣೆ ಹೊತ್ತವರು ತಕ್ಷಣ ಮಂಡಳಿಗೆ ತಿಳಿಸಬೇಕು. ಸೋದರಮಾವನ ಮಗ ಇದನ್ನು ನನಗೆ ಬಾಯಿಪಾಠ ಮಾಡಿಸಿದ್ದ. ಕಲಂ ಹೇಳಿದರೆ ಸಾವ್ಕಾರ್ರು ಕೇಳುವವರಲ್ಲ. "ಕಾಕಾ ಹೆಂಗೂ ನಾಳೆ ಬಾಟ್ಲಿ ತುಂಬಿಕೊಂಡು ಅಲ್ಲಿಗೇ ಹೋಗ್ತಾರ, ಅವ್ರಿಗಿಂತ ಮೊದ್ಲು ನಾವು ಹೇಳೂಣು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಚ್ಚು ಅಂದರು.

ಆ ಕಡೆಯಿಂದ ಕೇಳಿದ್ದು ನಾಲ್ಕೇ ಪ್ರಶ್ನೆ. ಏನು ಚೆಲ್ಲಿದೆ, ಎಷ್ಟು, ಎಲ್ಲಿವರೆಗೆ ಹೋಗಿದೆ, ಈಗ ಏನು ಮಾಡುತ್ತಿದ್ದೀರಿ. ನಾನು ನೊರೆಯನ್ನೂ ಹೇಳಿದೆ. ಮರುದಿನ ಎಂಜಿನಿಯರ್ ಬಂದರು, ಗಟಾರದಿಂದಲೂ ಹಳ್ಳದಿಂದಲೂ ನೀರಿನ ಸ್ಯಾಂಪಲ್ ತೆಗೆದುಕೊಂಡರು. ಪೈಪನ್ನು ಎರಡು ಸಲ ನೋಡಿದರು. ಇದನ್ನು ಕಾಯಂ ಮಾಡಿ ಅಂದರು. ಡ್ರಮ್ಮಿಗೆ ಕಟ್ಟೆ ಯಾಕಿಲ್ಲ ಅಂತ ಕೇಳಿದಾಗ ಸಾವ್ಕಾರ್ರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕಟ್ಟೆ ಕಟ್ಟಿ ಫೋಟೋ ಸಮೇತ ವರದಿ ಕೊಡಿ ಅಂತ ಪತ್ರ ಬಂತು. ಎಂಟು ದಿನದಲ್ಲಿ ಕಟ್ಟೆ ಎದ್ದಿತು, ಮಳೆಯಲ್ಲೇ.

ಡೀಸೆಲ್ ಕುಡಿದ ಪುಡಿ ಒಂಬತ್ತು ಚೀಲ ಆಗಿತ್ತು. ಅದಕ್ಕೆ ಬಂದ ಗಿರಾಕಿಗಳನ್ನು ನೋಡಬೇಕಿತ್ತು! ಇಟ್ಟಿಗೆ ಭಟ್ಟಿಯವರು ಬಂದರು, "ಛಲೋ ಉರೀತೈತ್ರಿ, ರೊಕ್ಕ ಕೊಡ್ತೀನಿ." ಎದುರಿನ ಹೋಟೆಲ್ಲಿನವರೂ ಕೇಳಿದರು. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಎಣ್ಣೆ ಒರೆಸಿದ ಬಟ್ಟೆ, ಸಾಮಾನು ಕೂಡ ಅಪಾಯಕಾರಿ ತ್ಯಾಜ್ಯವೇ. ತೊಂಬತ್ತು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ, ಪರವಾನಗಿ ಇದ್ದವರಿಗೇ ಕೊಡಬೇಕು, ಕೊಟ್ಟದ್ದಕ್ಕೆ ನಮೂನೆ 10ರಲ್ಲಿ ಬರೆದಿಡಬೇಕು. ಮಾರಿದರೆ ಬರುತ್ತಿದ್ದ ರೊಕ್ಕ ಬಿಟ್ಟು, ಸಾಗಿಸಲು ನಾವೇ ರೊಕ್ಕ ಕೊಟ್ಟೆವು. ಹಳೇ ಸುಟ್ಟ ಎಣ್ಣೆಯೂ ಅದೇ ಗಾಡಿಯಲ್ಲಿ ಹೋಯಿತು. ಸಾವ್ಕಾರ್ರು ಆ ಬಿಲ್ಲನ್ನು ಮೂರು ಸಲ ಓದಿದರು.

ಕಾಕಾನ ಗದ್ದೆಯಲ್ಲಿ ಕಾಲುವೆ ಬಾಯಿಯ ಹತ್ತಿರ ಒಂದು ಚಾಪೆ ಹಾಸುವಷ್ಟು ಜಾಗದ ಪೈರು ಹಳದಿಯಾಯಿತು. ಅದು ನಮ್ಮ ಡೀಸೆಲ್ಲಿನದೋ, ಬೇರೆ ಏನೋ, ಯಾರೂ ಜಗಳ ಮಾಡಲಿಲ್ಲ. ಸಾವ್ಕಾರ್ರು ರೊಕ್ಕ ಕೊಡಲು ಹೋದರೆ ಬೇಡ ಅಂದರು. ಮಗನಿಗೆ ಮನೆ ಕಟ್ಟಿಸುತ್ತಿದ್ದರು, ಒಂದು ಬಾಗಿಲ ಚೌಕಟ್ಟು ಕೊಯ್ದು ಕೊಡಿ ಅಂದರು. ಮತ್ತಿ ಮರದ್ದು ಕೊಟ್ಟೆವು. ಚಾಚಾ ಅಳತೆ ತೆಗೆಯುವಾಗ, ಮಳೆಗಾಲಕ್ಕೆ ಉಬ್ಬುತ್ತದೆ, ಸ್ವಲ್ಪ ಸಡಿಲ ಬಿಟ್ಟಿರ್ತೀನಿ ಅಂತ ಎರಡೆರಡು ಸಲ ಹೇಳಿದರು.

ಅಕ್ಟೋಬರಿನ ಒಂದು ಮಳೆಯ ಮರುದಿನ ಕಾಕಾ ಮತ್ತೆ ಆಫೀಸಿಗೆ ಬಂದರು. ಕೈಯಲ್ಲಿ ಬಾಟ್ಲಿ. ಲೆಜರ್ ಮೇಲೆ ಇಟ್ಟು, ಆಮೇಲೆ ತಾವೇ ಎತ್ತಿ ಕಿಟಕಿ ಬೆಳಕಿಗೆ ಹಿಡಿದರು. ಆಚೆ ನಿಂತ ಲಾರಿ ಬಾಟ್ಲಿಯೊಳಗಿಂದ ಕಾಣುತ್ತಿತ್ತು, ಹಳದಿ ಹಳದಿಯಾಗಿ.

"ಬಸ್‌ಸ್ಟ್ಯಾಂಡ್ ಚಾ ಆಗೇತಿ ನೋಡ್ರಿ ಈಗ" ಅಂದರು. "ಇನ್ನೂ ಒಂದ್ ಸಲ ಸೋಸ್ರಿ."